ಅಂಗಿ ಬಂತು, ಆಸಾಮಿ ಒಳಗೆ ಹಿಡಿಸಲಿಲ್ಲ!

ದಾವಣಗೆರೆ: ನಿಟುವಳ್ಳಿಯ ಆ ಮನೆಯಲ್ಲಿ ಮದುವೆ ಗದ್ದಲ. ಧಾರೆಗೆ ಇನ್ನು ಆರೇ ದಿನ. ಅಂಗಳದಲ್ಲಿ ಚಪ್ಪರದ ಗಳು ಬಂದು ಬಿದ್ದಿವೆ. ಒಳಗೆ ಹೆಂಗಸರು ಅಕ್ಕಿ ಆರಿಸುತ್ತ ಕೂತಿದ್ದಾರೆ. ಅಂಥ ಹೊತ್ತಿನಲ್ಲಿ ಬೈಕಿನ ಮೇಲೆ ಬಂದ ಹುಡುಗನೊಬ್ಬ ಒಂದು ರಟ್ಟಿನ ಡಬ್ಬಿ ಕೊಟ್ಟು, ಫೋನಿಗೆ ಬಂದಿದ್ದ ನಂಬರ್ ಕೇಳಿಕೊಂಡು ಹೊರಟುಹೋದ.

ಡಬ್ಬಿಯಲ್ಲಿ ನಾಲ್ಕು ಅಂಗಿ. ಮದುವೆ ಹುಡುಗಿಯ ತಮ್ಮ, ಖಾಸಗಿ ಫೈನಾನ್ಸೊಂದರಲ್ಲಿ ಕೆಲಸಕ್ಕಿರುವ ಯುವಕ, ಮೊಬೈಲಿನಲ್ಲೇ ಅಳತೆ ಕೊಟ್ಟು ಹೊಲಿಸಿ ತರಿಸಿದ್ದು. ಚಪ್ಪರಕ್ಕೊಂದು, ಅರಿಶಿಣಕ್ಕೊಂದು, ಆರತಕ್ಷತೆಗೊಂದು, ಧಾರೆಗೊಂದು. ಒಂದಕ್ಕೆ 1,450 ರೂಪಾಯಿಯಂತೆ ಒಟ್ಟು 5,800. ಪೂರ್ತಿ ಹಣ ಮುಂಗಡ.

ಮೊದಲನೆಯದನ್ನು ತೊಟ್ಟ. ತೋಳು ಸರಿ, ಉದ್ದ ಸರಿ. ಗುಂಡಿ ಹಾಕಲು ಹೋದರೆ ಎದೆ ಬಿಗಿ. ಉಸಿರು ಹಿಡಿದು ಹಾಕಿದ. ಉಸಿರು ಬಿಟ್ಟ ಕೂಡಲೇ ಗುಂಡಿಗೂ ಗುಂಡಿಗೂ ನಡುವೆ ಬಟ್ಟೆ ಬಾಯಿ ತೆರೆದು ಒಳಗಿನ ಬನಿಯನ್ ದರ್ಶನ ಕೊಟ್ಟಿತು. ಕಾಲರಿನ ಗುಂಡಿಯನ್ನಂತೂ ಹಾಕಿದರೆ ಕಣ್ಣುಗುಡ್ಡೆ ಮೇಲಕ್ಕೆ ಹೋಗಬೇಕು, ಹಾಗಿತ್ತು. ಎರಡನೆಯದೂ ಅದೇ, ಮೂರನೆಯದೂ ನಾಲ್ಕನೆಯದೂ ಅದೇ. ಒಂದೇ ಅಚ್ಚಿನ ಇಟ್ಟಿಗೆ!

‘ಯಾರದೋ ಸಣ್ ಹುಡುಗಂದು ಬಂದೈತೆ. ಅವನ್ನ ಕರೆದು ವಾಪಸ್ ಕೊಡೋ’ ಎಂದರು ಅಜ್ಜಿ.

ಕಂಪನಿಗೆ ಫೋನ್ ಹೋಯಿತು. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ, ‘ಸಾರ್, ಚೆಸ್ಟ್ 38 ಅಂತ ನೀವೇ ಹಾಕಿದ್ದೀರಿ. ಕಾಲರ್ 15 ಅಂತ ನೀವೇ ಹಾಕಿದ್ದೀರಿ. ಟೇಪ್ ಇಟ್ಟು ನೋಡಿ ಸಾರ್’ ಎಂದಳು. ಟೇಪ್ ಇಟ್ಟು ನೋಡಿದರೆ ಹೌದು! ಅಂಗಿಯ ಎದೆ ಸುತ್ತು ಸರಿಯಾಗಿ 38. ಕಾಲರ್ ಸರಿಯಾಗಿ 15. ಕಂಪನಿಯವರು ಒಂದು ಎಳೆಯಷ್ಟೂ ತಪ್ಪಿರಲಿಲ್ಲ. ಅಳತೆ ಕೊಟ್ಟು ಹೊಲಿಸಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂದು ಮೊದಲೇ ಬರೆದಿದೆಯಲ್ಲ ಸಾರ್ ಎಂದು ಆಕೆ ನೆನಪು ಮಾಡಿಕೊಟ್ಟಳು. ಫೋನ್ ಕಟ್.

ಮೈ ಅಳತೆ ಬೇರೆ, ಅಂಗಿ ಅಳತೆ ಬೇರೆ

ಹಾಗಾದರೆ ತಪ್ಪಿದ್ದೆಲ್ಲಿ? ಉತ್ತರ ಸಿಕ್ಕಿದ್ದು ಚೌಕಿಪೇಟೆಯ ಹಿಂದಿನ ಒಂದು ಸಂದಿಯಲ್ಲಿ. ಎರಡು ಮಿಷನ್, ಒಂದು ಕತ್ತರಿಸುವ ಮೇಜು, ಗೋಡೆಯ ಮೊಳೆಗೆ ಸಿಕ್ಕಿಸಿದ ಬಿಲ್ಲುಗಳ ಕಂತೆ. ಟೈಲರಿಗೆ ಅರವತ್ತು ದಾಟಿದೆ. ಯುವಕನ ಅಪ್ಪನಿಗೂ ಹೊಲಿದ ಕೈ ಅದು.

‘ಅಣ್ಣಾರೆ, ಇವನ್ನ ಸ್ವಲ್ಪ ಲೂಸ್ ಮಾಡಿಕೊಡ್ರಿ. ಮದುವೆ ಐತೆ.’

ಟೈಲರ್ ಅಂಗಿಯನ್ನು ಒಳಮಗ್ಗಲು ತಿರುವಿ ಪಕ್ಕದ ಹೊಲಿಗೆ ನೋಡಿದ. ‘ಎಲ್ಲಿಂದ ಬಿಡ್ಲಿ ತಮ್ಮಾ? ಒಳಗೆ ಬಟ್ಟೇನೇ ಇಲ್ಲ. ಮಡಚಿ ಡಬಲ್ ಹೊಲಿಗೆ ಹೊಡೆದು ಕ್ಲೋಸ್ ಮಾಡಿದಾರೆ. ನಿನ್ನ ಅಳತೆ ಏನು ಕೊಟ್ಟೆ?’

‘ನನ್ ಅಳತೇನೇ ಕೊಟ್ಟೇನ್ರಿ. ಎದೆ 38, ಕುತ್ತಿಗೆ 15.’

‘ಅದು ನಿನ್ ಮೈ ಅಳತೆ. ಅವರು ಕೇಳಿದ್ದು ಅಂಗಿ ಅಳತೆ. 38ರ ಮೈಗೆ 38ರ ಅಂಗಿ ಹೊಲಿದ್ರೆ ಅದು ಅಂಗಿ ಅಲ್ಲೋ, ಚರ್ಮ!’

ಇಷ್ಟೇ ವಿಷಯ. ಈ ಇಷ್ಟೇ ವಿಷಯ ತಿಳಿಯದೆ ಒಂದು ತಿಂಗಳ ಸಂಬಳದಲ್ಲಿ ಒಂದು ದೊಡ್ಡ ತುಂಡು ಹೋಯಿತು. ಮೊಬೈಲಿನ ಫಾರಂ ತೆರೆದು ನೋಡಿದರೆ ಅಲ್ಲಿ ಎರಡು ದಾರಿ ಇದ್ದವು. ಒಂದರಲ್ಲಿ ಮೈ ಅಳತೆ ಕೊಡಬೇಕು, ಉಳಿದ ಸಡಿಲವನ್ನು ಕಂಪನಿಯವರೇ ಸೇರಿಸಿಕೊಳ್ಳುತ್ತಾರೆ. ಇನ್ನೊಂದರಲ್ಲಿ ಹೊಲಿದ ಅಂಗಿಯ ಅಳತೆ ಕೊಡಬೇಕು, ಅವರು ಅದಕ್ಕೆ ಏನೂ ಸೇರಿಸುವುದಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ ಕೆಳಗಿತ್ತು. ಯುವಕ ಎರಡನೆಯ ದಾರಿಗೆ ಹೋಗಿ ಮೊದಲನೆಯದರ ಅಂಕಿ ಕೊಟ್ಟಿದ್ದ. ಇಂಥ ಫಾರಂ ಬರೆಯುವವರು ಒಂದು ದಿನವಾದರೂ ಟೈಲರ್ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರೆ ಆ ಅಕ್ಷರವನ್ನು ದಪ್ಪಗೆ, ಕನ್ನಡದಲ್ಲಿ, ಎಲ್ಲಕ್ಕಿಂತ ಮೇಲೆ ಹಾಕುತ್ತಿದ್ದರು.

ಟೈಲರುಗಳ ಲೆಕ್ಕ ಹೀಗೆ. ಎದೆ 38 ಇದ್ದವನಿಗೆ ಮೈಗೆ ಹತ್ತಿದ ಹಾಗೆ, ಈಗಿನ ಹುಡುಗರು ಕೇಳುವ ‘ಸ್ಲಿಮ್’ ಬೇಕೆಂದರೆ ಅಂಗಿಯ ಸುತ್ತು 41ರಿಂದ 42. ಆರಾಮಾಗಿ ಇರಬೇಕೆಂದರೆ 43ರಿಂದ 44. ಕುತ್ತಿಗೆ 15 ಇದ್ದರೆ ಕಾಲರ್ 15½ರಿಂದ 15¾. ಕಾಲರ್ ಹಾಕಿದ ಮೇಲೆ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು ಎನ್ನುವುದು ಅಪ್ಪ-ಅಜ್ಜನ ಕಾಲದ ಮಾತು. ಇಂದಿಗೂ ಸುಳ್ಳಾಗಿಲ್ಲ. ಗ್ರಾಹಕ ‘ಎದೆ 38’ ಎಂದ ಕೂಡಲೇ ಟೈಲರ್ ಪುಸ್ತಕದಲ್ಲಿ 38 ಎಂದೇ ಬರೆದುಕೊಳ್ಳುತ್ತಾನೆ. ಆದರೆ ಕತ್ತರಿ ಆಡುವುದು 42ಕ್ಕೆ. ನಡುವಿನ ನಾಲ್ಕು ಇಂಚು ಅವನ ತಲೆಯಲ್ಲಿರುತ್ತದೆ. ಅದಕ್ಕೆ ಬಿಲ್ಲಿಲ್ಲ, ಬೋರ್ಡಿಲ್ಲ. ಅಂಗಡಿ ಬಿಟ್ಟು ಮೊಬೈಲ್ ಹಿಡಿದವನು ಕಳೆದುಕೊಂಡಿದ್ದು ಆ ನಾಲ್ಕು ಇಂಚನ್ನು.

ಇನ್ನೂ ಒಂದಿದೆ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಹಳೆಯ ಟೈಲರನ ಕಣ್ಣು ಅಳೆದು ಮುಗಿಸಿರುತ್ತದೆ. ಎಡ ಭುಜ ಇಳಿದಿದೆ, ಬೆನ್ನು ಸ್ವಲ್ಪ ಗೂನು, ಹೊಟ್ಟೆ ಮುಂದೆ, ಕತ್ತು ಗಿಡ್ಡ. ಇವನ್ನು ಗಿರಾಕಿಗೆ ಹೇಳುವುದಿಲ್ಲ, ಪುಸ್ತಕದ ಮೂಲೆಯಲ್ಲಿ ಒಂದು ಗೀಟು ಹಾಕಿಕೊಳ್ಳುತ್ತಾನೆ. ಮೊಬೈಲಿನವರಲ್ಲಿ ಕೆಲವರು ಇದನ್ನೂ ಚಿತ್ರ ತೋರಿಸಿ ಕೇಳುತ್ತಾರೆ. ಭುಜ ಇಳಿಜಾರೋ, ನೇರವೋ? ಹೊಟ್ಟೆ ಚಪ್ಪಟೆಯೋ, ದುಂಡೋ? ಕೇಳುವುದು ಒಳ್ಳೆಯದೇ. ಆದರೆ ತನ್ನ ಹೊಟ್ಟೆ ದುಂಡಗಿದೆ ಎಂದು ಒತ್ತುವ ಗಂಡಸು ಈ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರು?

ಅಳೆಯಬೇಕಾದ್ದು ಅಂಗಿಯನ್ನು, ಆಸಾಮಿಯನ್ನಲ್ಲ

ಚೌಕಿಪೇಟೆಯ ಆ ಟೈಲರ್ ಹೇಳುವ ಉಪಾಯ ಬಹಳ ಸರಳ. ಮನೆಯಲ್ಲಿ ಇರುವ ಅಂಗಿಗಳಲ್ಲಿ ಯಾವುದು ಹೇಳಿ ಹೊಲಿಸಿದ ಹಾಗೆ ಕೂರುತ್ತದೋ, ಹೆಂಡತಿ ‘ಇದನ್ನೇ ಹಾಕ್ಕೊಂಡ್ ಹೋಗ್ರಿ’ ಎನ್ನುತ್ತಾಳೋ, ಅದನ್ನು ತೆಗೆಯಿರಿ. ನಾಲ್ಕಾರು ಸಲ ಒಗೆದದ್ದಾಗಿರಲಿ. ಇಸ್ತ್ರಿ ಮಾಡಿ, ಗುಂಡಿ ಎಲ್ಲಾ ಹಾಕಿ, ಗಟ್ಟಿ ಮೇಜಿನ ಮೇಲೆ ಹಾಸಿ. ಮಂಚದ ಮೇಲೆ ಬೇಡ, ಹಾಸಿಗೆ ಕುಸಿದರೆ ಅಳತೆಯೂ ಕುಸಿಯುತ್ತದೆ.

ಎದೆ: ಒಂದು ಕಂಕುಳಿನ ಹೊಲಿಗೆ ಬುಡದಿಂದ ಇನ್ನೊಂದಕ್ಕೆ. 21 ಬಂದರೆ ಸುತ್ತು 42. ಭುಜ: ಬೆನ್ನ ಕಡೆಯಿಂದ, ಈ ತೋಳಿನ ಹೊಲಿಗೆಯಿಂದ ಆ ತೋಳಿನ ಹೊಲಿಗೆವರೆಗೆ. ಉದ್ದ: ಹಿಂದೆ ಕಾಲರಿನ ಬುಡದಿಂದ ಕೆಳಗಿನ ಅಂಚಿಗೆ. ಕಾಲರ್: ಬಿಚ್ಚಿ ಚಪ್ಪಟೆಯಾಗಿ ಹಾಸಿ ಗುಂಡಿಯ ನಡುವಿನಿಂದ ಕಾಜಾದ ಆಚೆ ತುದಿಗೆ. ಕಾಲರಿನ ಬಟ್ಟೆ ತುದಿಯಿಂದ ತುದಿಗೆ ಅಳೆದರೆ ಒಂದು ಇಂಚು ಹೆಚ್ಚು ಬಂದು ಕುತ್ತಿಗೆಗೆ ಹಾರ ಹಾಕಿದಂತಾಗುತ್ತದೆ. ನಡು, ಕೆಳಸುತ್ತು, ತೋಳಿನ ದಪ್ಪ, ಮುಂಗೈ, ಇವನ್ನೂ ಬಿಡಬೇಡಿ. ಹೀಗೆ ಬಂದ ಅಂಕಿಗಳನ್ನು ‘ಅಂಗಿ ಅಳತೆ’ ಎಂದು ಕೇಳುವ ಫಾರಂನಲ್ಲಿ ಮಾತ್ರ ತುಂಬಬೇಕು. ಮೈ ಅಳತೆ ಕೇಳುವ ಕಡೆ 42 ಎಂದು ತುಂಬಿದರೆ ಅವರು ಅದರ ಮೇಲೆ ಇನ್ನೂ ನಾಲ್ಕು ಸೇರಿಸಿ ಬೆದರುಗೊಂಬೆಗೆ ಅಂಗಿ ಕಳಿಸುತ್ತಾರೆ.

ತೋಳಿನಲ್ಲಿ ಒಂದು ಗುಂಡಿ ತೋಡಿಟ್ಟಿದ್ದಾರೆ, ಬೀಳುವವರು ಬಹಳ. ನಮ್ಮ ಕಡೆ ತೋಳು ಎಂದರೆ ಭುಜದ ಹೊಲಿಗೆಯಿಂದ ಕಫ್ ತುದಿಗೆ. ಅಮೆರಿಕದ ಪದ್ಧತಿಯಲ್ಲಿ ತೋಳು ಶುರುವಾಗುವುದೇ ಕತ್ತಿನ ಹಿಂದಿನ ನಡುವಿನಿಂದ. ಭುಜ 18 ಇದ್ದವನಿಗೆ ಅರ್ಧ 9. ತೋಳು 24½ ಇದ್ದರೆ ಅವರ ಲೆಕ್ಕದಲ್ಲಿ 33½. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು, ‘ಸ್ಲೀವ್’. ಚಿತ್ರದಲ್ಲಿ ಗೆರೆ ಎಲ್ಲಿಂದ ಎಳೆದಿದ್ದಾರೆ ಎಂದು ನೋಡದೆ ತುಂಬಿದರೆ ಒಂದೋ ಬೆರಳು ಮುಚ್ಚಿ ಹೋಗುತ್ತದೆ, ಇಲ್ಲವೇ ಮೊಣಕೈ ದಾಟುವುದಿಲ್ಲ.

ಇನ್ನು ಪಾಯಿಂಟಿನ ತೊಂದರೆ. ಹದಿನೈದೂ ಮುಕ್ಕಾಲು ಎಂದರೆ 15.75. ಟೇಪಿನಲ್ಲಿ ಮೂರನೇ ಗೀಟು ಕಂಡಿತೆಂದು 15.3 ಎಂದು ಒತ್ತಿದವರಿಗೆ ಸುಮಾರು ಅರ್ಧ ಇಂಚು ಖೋತಾ. ಕೆಲವು ಕಡೆ ಫಾರಂ ಇಂಚಿನಲ್ಲಿರುವುದಿಲ್ಲ, ಸೆಂಟಿಮೀಟರಿನಲ್ಲಿರುತ್ತದೆ. ಇಂಚಿಗೆ 2.54ರಂತೆ ಗುಣಿಸಬೇಕು. ಟೇಪ್ ಕೂಡ ನಂಬಿಕಸ್ಥನಲ್ಲ. ಹೊಲಿಗೆ ಡಬ್ಬದಲ್ಲಿ ಹತ್ತು ವರ್ಷ ಮಲಗಿದ್ದ ಬಟ್ಟೆ ಟೇಪು ಎಳೆದೂ ಎಳೆದೂ ಉದ್ದವಾಗಿರುತ್ತದೆ. ಸ್ಕೂಲ್ ಹುಡುಗರ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ಹನ್ನೆರಡು ಇಂಚು ಹನ್ನೆರಡೇ ಇದೆಯೇ ನೋಡಿಕೊಳ್ಳುವುದು ಅರ್ಧ ನಿಮಿಷದ ಕೆಲಸ.

ಮೈ ಅಳತೆಯನ್ನೇ ಕೊಡಬೇಕಾಗಿ ಬಂದರೆ ಇನ್ನೊಬ್ಬರಿಂದ ಅಳೆಸಿಕೊಳ್ಳಿ. ತನ್ನ ಎದೆಗೆ ತಾನೇ ಟೇಪ್ ಸುತ್ತಿಕೊಂಡವನು ಕೈ ಎತ್ತುತ್ತಾನೆ, ಬಗ್ಗಿ ನೋಡುತ್ತಾನೆ. ಎರಡರಿಂದಲೂ ಅಂಕಿ ಕೆಡುತ್ತದೆ. ಬನಿಯನ್ ಮೇಲೆ ಅಳೆಯಿರಿ. ಹೊಟ್ಟೆ ಒಳಗೆಳೆದು ಟೇಪಿಗೆ ಮೋಸ ಮಾಡಿದರೆ ಟೇಪಿಗೇನೂ ನಷ್ಟವಿಲ್ಲ. ನಲವತ್ತು ದಾಟಿದವರು ನಿಂತು ಒಂದು ಸಲ, ಕುರ್ಚಿಯ ಮೇಲೆ ಕೂತು ಒಂದು ಸಲ ಹೊಟ್ಟೆ ಸುತ್ತು ಅಳೆಸಿಕೊಳ್ಳುವುದು ಕ್ಷೇಮ. ನಿಂತಾಗ ಚೆಂದ ಕಾಣುವ ಅಂಗಿ ಹರಿಹರದ ಬಸ್ಸಿನಲ್ಲಿ ಕೂತ ಕೂಡಲೇ ಗುಂಡಿ ಹಾರಿಸುವುದು ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸದಿಂದ. ಫೋನಿನ ಕ್ಯಾಮರಾ ಮುಂದೆ ನಿಂತರೆ ಸಾಕು, ಅಳತೆ ತಾನೇ ಬರುತ್ತದೆ ಎನ್ನುವ ಕಂಪನಿಗಳೂ ಬಂದಿವೆ. ಬರಲಿ ಪಾಪ. ಆದರೆ ಅದು ಹೇಳಿದ ಅಂಕಿಯನ್ನು ಒಮ್ಮೆ ಟೇಪಿನ ಪಕ್ಕ ನಿಲ್ಲಿಸಿ ನೋಡದೆ ಹಣ ಕಟ್ಟಬಾರದು.

ಬಂದ ಅಂಗಿಯಲ್ಲಿ ಊರ ಟೈಲರ್ ಏನು ಸರಿಮಾಡಬಲ್ಲ, ಏನು ಮಾಡಲಾರ ಎನ್ನುವುದೂ ಗೊತ್ತಿರಬೇಕು. ಸಡಿಲವಾದ ಪಕ್ಕ ಹಿಡಿಯಬಹುದು, ಉದ್ದವಾದ ತೋಳು, ಕೆಳಗಿನ ಅಂಚು ಗಿಡ್ಡ ಮಾಡಬಹುದು. ಬಿಗಿಯಾದ ಎದೆ, ಸಣ್ಣ ಕಾಲರ್, ತಪ್ಪಿದ ಭುಜ, ಇವಕ್ಕೆ ಮದ್ದಿಲ್ಲ. ಆದ್ದರಿಂದ ಅನುಮಾನ ಬಂದ ಕಡೆ ಅರ್ಧ ಇಂಚು ಹೆಚ್ಚು ಕೊಡುವುದೇ ಜಾಣತನ. ಭುಜದಲ್ಲಿ ಮಾತ್ರ ಈ ಉದಾರತನ ಬೇಡ.

ಬೆರಳಿಗೆ ಸಿಗದ ಬಟ್ಟೆ

ಅಳತೆಯದು ಹೀಗಾಯಿತು. ಬಟ್ಟೆಯ ಕತೆ ಇನ್ನೊಂದು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಊರು ಇದು. ಮಿಲ್ಲಿನ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದವರ ಮಕ್ಕಳು-ಮೊಮ್ಮಕ್ಕಳು ಇವತ್ತು ಬಟ್ಟೆಯನ್ನು ಮುಟ್ಟದೆ, ಮೂಸದೆ, ಗಾಜಿನ ಮೇಲಿನ ಚಿತ್ರ ನೋಡಿ ಕೊಳ್ಳುತ್ತಿದ್ದಾರೆ. ಮಿಲ್ಲುಗಳ ಬಾಗಿಲು ಮುಚ್ಚಿ ದಶಕಗಳಾದವು. ಊರಿಗೆ ಈಗ ಬೆಣ್ಣೆದೋಸೆಯದೇ ಹೆಸರು. ಅದಿರಲಿ.

ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಮೊದಲು ಮಾಡುವ ಕೆಲಸ ತಾನಿನ ತುದಿಯನ್ನು ಎರಡು ಬೆರಳ ನಡುವೆ ಉಜ್ಜುವುದು. ಆಮೇಲೆ ಮುಷ್ಟಿಯಲ್ಲಿ ಹಿಸುಕಿ ಬಿಡುವುದು. ಗೆರೆ ಉಳಿದರೆ ಹತ್ತಿ, ಸಟಕ್ಕನೆ ನೆಟ್ಟಗಾದರೆ ಟೆರಿಕಾಟ್. ಆಮೇಲೆ ಬೆಳಕಿಗೆ ಹಿಡಿದು ಆಚೆ ಕಡೆ ಕೈ ಕಾಣುತ್ತದೆಯೇ ನೋಡುವುದು. ಮೂರೂ ಪರೀಕ್ಷೆ ಮೊಬೈಲಿನಲ್ಲಿ ಆಗುವುದಿಲ್ಲ. ಅದರ ಬದಲು ಓದಿ ತಿಳಿಯಬೇಕು.

ಪಾಪ್ಲಿನ್ ಎಂದರೆ ನಯವಾದ ಸಾದಾ ನೇಯ್ಗೆ, ತೆಳು, ತಂಪು, ಬೇಗ ಮುದುಡುತ್ತದೆ. ಟ್ವಿಲ್‌ನಲ್ಲಿ ಓರೆ ಗೆರೆ ಕಾಣುತ್ತದೆ, ಮೈಮೇಲೆ ಚೆನ್ನಾಗಿ ಇಳಿಬೀಳುತ್ತದೆ, ಮುದುಡುವುದು ಕಡಿಮೆ. ಆಕ್ಸ್‌ಫರ್ಡ್ ದಪ್ಪ, ಒರಟು, ಬಾಳಿಕೆ ಹೆಚ್ಚು. ಅಗಸೆ ನಾರಿನ ಲಿನನ್ ನಮ್ಮ ಏಪ್ರಿಲ್ ಬಿಸಿಲಿಗೆ ಹೇಳಿ ಮಾಡಿಸಿದ್ದು. ಆದರೆ ಮನೆಯಿಂದ ಜಯದೇವ ವೃತ್ತಕ್ಕೆ ಬರುವಷ್ಟರಲ್ಲಿ ಮಲಗಿ ಎದ್ದವರ ಅಂಗಿಯ ಹಾಗೆ ಕಾಣುತ್ತದೆ. ಅದನ್ನು ಸಹಿಸುವವರು ಮಾತ್ರ ತಗೊಳ್ಳಬೇಕು.

ಕೌಂಟ್ ಎಂದು ಬರೆದಿರುತ್ತಾರಲ್ಲ, 40, 60, 80, 100, ಅದು ನೂಲಿನ ಸಣ್ಣತನ. ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿ ಎಷ್ಟು ಬರುತ್ತವೋ ಅಷ್ಟು ಕೌಂಟ್. ಮಿಲ್ಲಿನಲ್ಲಿ ದುಡಿದ ಹಿರಿಯರಿಗೆ ಇದು ಬಾಯಿಪಾಠ. ಅಂಕಿ ಏರಿದಷ್ಟೂ ನೂಲು ಸಣ್ಣ, ಬಟ್ಟೆ ನಯ, ಬೆಲೆ ಜಾಸ್ತಿ. ಆದರೆ ಹೆಚ್ಚು ಬೆಲೆ ಎಂದರೆ ಹೆಚ್ಚು ಬಾಳಿಕೆ ಎಂದು ತಿಳಿದವರಿಗೆ ನಿರಾಶೆ ಕಾದಿದೆ. 100 ಕೌಂಟಿನ ಬಿಳಿ ಅಂಗಿ ಆರತಕ್ಷತೆಯ ಲೈಟಿನ ಕೆಳಗೆ ಬನಿಯನ್ನಿನ ತೋಳನ್ನೂ ಬಿಡದೆ ತೋರಿಸುತ್ತದೆ. ದಿನಾ ಆಫೀಸಿಗೆ ಹೋಗಿ, ಮನೆಯಲ್ಲಿ ಕಲ್ಲಿನ ಮೇಲೆ ಒಗೆಸುವವರಿಗೆ 40, 60 ಕೌಂಟೇ ಸಾಕು.

ಹೆಸರುಗಳ ಆಟ ಇನ್ನೊಂದು. ‘ಕಾಟನ್ ರಿಚ್’, ‘ಕಾಟನ್ ಬ್ಲೆಂಡ್’, ‘ಕಾಟನ್ ಫೀಲ್’, ಎಲ್ಲದರಲ್ಲೂ ಕಾಟನ್ ಇದೆ, ಎಲ್ಲವೂ ಕಾಟನ್ ಅಲ್ಲ. ರಿಚ್ ಎಂದರೆ ಹತ್ತಿಯ ಜೊತೆ ಬೇರೇನೋ ಇದೆ ಎಂದು ಅರ್ಥ. ಫೀಲ್ ಎಂದರೆ ಹತ್ತಿ ಇಲ್ಲದೆಯೂ ಇರಬಹುದು. ಟೆರಿಕಾಟ್‌ನಲ್ಲಿ ಪಾಲಿಯೆಸ್ಟರ್ 67, ಹತ್ತಿ 33 ಎನ್ನುವ ಹಳೇ ಪಾಕ ಎಲ್ಲರಿಗೂ ಪರಿಚಿತ. ಬೇಗ ಒಣಗುತ್ತದೆ, ಇಸ್ತ್ರಿ ಬೇಡುವುದಿಲ್ಲ, ಬೆವರು ಮಾತ್ರ ಒಳಗೇ ಉಳಿಯುತ್ತದೆ. ‘ವಿಸ್ಕೋಸ್’ ಎಂದಿದ್ದರೆ ಅದು ಮರದ ತಿರುಳಿನಿಂದ ತೆಗೆದ ನಾರು. ಹರಿಹರದ ಹೊಳೆಯಾಚೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ತಯಾರಾಗುವುದು ಅದೇ ಜಾತಿಯ ನಾರು. ಮೃದು, ಹೊಳಪು, ಆದರೆ ಒದ್ದೆಯಾದಾಗ ಬಲ ಕಡಿಮೆ. ಹಿಂಡಿ ಒಗೆಯುವ ಮನೆಗೆ ತಕ್ಕದ್ದಲ್ಲ. ಶೇಕಡಾ ಎಷ್ಟು ಎಂದು ಅಂಕಿಯಲ್ಲಿ ಬರೆಯದ ಬಟ್ಟೆಯನ್ನು ಮೊಬೈಲಿನಲ್ಲಿ ಕೊಳ್ಳದಿರುವುದೇ ಲೇಸು.

ಅಂಗಿ ಬಂದ ಮೇಲೆ ಅನುಮಾನ ಇದ್ದರೆ ಒಳಹೊಲಿಗೆಯ ಪಕ್ಕದಿಂದ ಬಟ್ಟೆಯದೇ ಎರಡು ಎಳೆ ಕಿತ್ತು ಕಡ್ಡಿ ಗೀರಿ. ಹೊಲಿಗೆ ದಾರ ಕೀಳಬೇಡಿ, ಅದು ಬೇರೆ ಜಾತಿ ಇರಬಹುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ ಕಟ್ಟುತ್ತದೆ. ಎರಡೂ ಕೂಡಿದ್ದರೆ ಉರಿಯೂ ಉಂಟು, ಮಣಿಯೂ ಉಂಟು. ಅಂಗಿಯಿಂದ ದೂರ ಹೋಗಿ ಸುಡಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ಕಳ್ಳ ಕುಗ್ಗುವಿಕೆ. ಮೊದಲೇ ಕುಗ್ಗಿಸದ ಹತ್ತಿ ಬಟ್ಟೆ ಮೊದಲ ನೀರಿಗೆ ಶೇಕಡಾ ಮೂರರಿಂದ ಐದು ಕುಗ್ಗಬಹುದು. ಮೂರೇ ಎಂದು ಹಿಡಿಯಿರಿ. 30 ಇಂಚು ಉದ್ದದ ಅಂಗಿ ಒಗೆದ ಮೇಲೆ 29ರ ಹತ್ತಿರ. 16ರ ಕಾಲರ್ 15½. ಹೊಸದಾಗಿ ತೊಟ್ಟಾಗ ಸರಿ ಇದ್ದದ್ದು ಎರಡನೇ ವಾರ ಕುತ್ತಿಗೆ ಹಿಸುಕುವುದು ಹೀಗೆ. ಹಿಂದೆ ತಾನಿನ ಅಂಚಿನಲ್ಲಿ ‘ಸ್ಯಾನ್‌ಫರೈಸ್ಡ್’ ಎಂದು ಮುದ್ರೆ ಇರುತ್ತಿದ್ದುದು ಹಲವರಿಗೆ ನೆನಪಿರಬಹುದು. ಬಟ್ಟೆಯನ್ನು ಮಿಲ್ಲಿನಲ್ಲೇ ಮೊದಲೇ ಕುಗ್ಗಿಸುವ ಆ ವಿಧಾನಕ್ಕೆ 1930ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್. ಅವನ ಹೆಸರೇ ಮುದ್ರೆಯಾಯಿತು. ಹಾಗೆ ಕುಗ್ಗಿಸಿದ ಬಟ್ಟೆ ಆಮೇಲೆ ಶೇಕಡಾ ಒಂದರ ಆಸುಪಾಸಿನಲ್ಲಿ ನಿಲ್ಲುತ್ತದೆ. ಊರ ಟೈಲರ್ ಖಾದಿ ತಂದರೆ ‘ಒಂದು ರಾತ್ರಿ ನೆನೆಸಿ ಒಣಗಿಸಿ ತಗೊಂಡ್ ಬರ್ರಿ’ ಎನ್ನುತ್ತಾನೆ. ಮೊಬೈಲಿನವರನ್ನು ನಾವಾಗಿಯೇ ಕೇಳಬೇಕು: ಬಟ್ಟೆ ಕುಗ್ಗಿಸಿ ಕತ್ತರಿಸುತ್ತೀರೋ, ಕತ್ತರಿಸಿ ಕುಗ್ಗಿಸುತ್ತೀರೋ? ಉತ್ತರ ಬರದಿದ್ದರೆ ಆ ಅಂಗಡಿ ಬೇಡ. ಬಟ್ಟೆಯ ತುಂಡು ಮಾದರಿ ಕಳಿಸುವ ಕಂಪನಿಗಳೂ ಉಂಟು. ಅದನ್ನು ತರಿಸಿ ಅಂಚಿಗೆ ಗೀಟು ಹಾಕಿ ಒಗೆದು ಒಣಗಿಸಿ ಮತ್ತೆ ಅಳೆದರೆ ಬಣ್ಣವೂ ಗೊತ್ತಾಯಿತು, ಕುಗ್ಗುವುದೂ ಗೊತ್ತಾಯಿತು.

ಕಾನೂನು ಎಲ್ಲಿ ನಿಲ್ಲುತ್ತದೆ

ಅಳತೆ ಕೊಟ್ಟು ಹೊಲಿಸಿದ್ದು ವಾಪಸಿಲ್ಲ ಎನ್ನುವ ಒಂದೇ ಮಂತ್ರಕ್ಕೆ ಎಲ್ಲರೂ ಹೆದರಿ ಕೂರುತ್ತಾರೆ. ಹೆದರಬೇಕಾದ್ದು ಅರ್ಧ ಮಾತ್ರ. ಕೊಟ್ಟ ಅಳತೆಯೇ ತಪ್ಪಾಗಿದ್ದರೆ, ನಿಟುವಳ್ಳಿಯ ಯುವಕನ ಹಾಗೆ, ಯಾರೂ ಕೇಳುವವರಿಲ್ಲ. ಆದರೆ 42 ಕೇಳಿದ್ದಕ್ಕೆ 40 ಹೊಲಿದು ಕಳಿಸಿದರೆ, ಅಪ್ಪಟ ಹತ್ತಿ ಎಂದು ಹೇಳಿ ಪಾಲಿಯೆಸ್ಟರ್ ಕಳಿಸಿದರೆ, ಹೇಳಿದ ದಿನ ದಾಟಿಸಿ ಮದುವೆ ಮುಗಿದ ಮೇಲೆ ತಲುಪಿಸಿದರೆ ಮಾತು ಬೇರೆ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಅಂಥ ಮಾಲನ್ನು ಹಿಂದಕ್ಕೆ ಪಡೆಯಲು, ಹಣ ಕೊಡಲು ಮಾರಿದವರು ನಿರಾಕರಿಸುವಂತಿಲ್ಲ. ದೂರು ಕೇಳುವ ಅಧಿಕಾರಿಯ ಹೆಸರು ಹಾಕಿರಬೇಕು. ಆತ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಆಗದಿದ್ದರೆ 1915ಕ್ಕೆ ಫೋನ್. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯಿದೆ ಬಂದ ಮೇಲೆ ಗ್ರಾಹಕ ತಾನು ವಾಸವಿರುವ ಊರಿನಲ್ಲೇ ದೂರು ಹಾಕಬಹುದು. ಕಂಪನಿ ದೆಹಲಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ದಾವಣಗೆರೆಗೆ ಬಂದು ಉತ್ತರ ಹೇಳಬೇಕು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಫೀಸಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಎರಡು ವರ್ಷದ ಗಡುವಿದೆ.

ಇದಕ್ಕೆಲ್ಲ ಸಾಕ್ಷಿ ಬೇಕಲ್ಲ. ಅಳತೆ ತುಂಬಿದ ಪುಟದ ಚಿತ್ರ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ. ಅಂಗಿ ಬಂದ ಕೂಡಲೇ ತೊಡುವುದಕ್ಕೂ ಒಗೆಯುವುದಕ್ಕೂ ಮೊದಲು ಟೇಪ್ ಇಟ್ಟು ಫೋಟೊ ತೆಗೆಯಿರಿ. ನೀರಿಗೆ ಹಾಕಿದ ಅಂಗಿಯ ಮಾತನ್ನು ಯಾವ ಆಯೋಗವೂ ಸುಲಭವಾಗಿ ನಂಬಲಾರದು.

ಟೈಲರನ ‘ನಾಳೆ’

ಇಷ್ಟೆಲ್ಲ ಫಜೀತಿ ಯಾಕೆ, ಊರ ಟೈಲರ್ ಹತ್ತಿರವೇ ಹೋಗಬಾರದೇ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಟೈಲರುಗಳೇ ಉತ್ತರ ಹೇಳಬೇಕು. ‘ನಾಳೆ ಬಾ’ ಎಂದು ಎಷ್ಟು ಸಲ ಹೇಳಿದ್ದಾರೆ? ಯುಗಾದಿಗೆ ಕೊಟ್ಟ ಬಟ್ಟೆ ಯುಗಾದಿಯ ಹಿಂದಿನ ದಿನ ಮೇಜಿನ ಕೆಳಗೆ ಕತ್ತರಿ ಕಾಣದೆ ಬಿದ್ದಿರುತ್ತದೆ. ಕೇಳಿದರೆ ‘ಕಾಜಾ ಒಂದು ಬಾಕಿ’ ಎನ್ನುತ್ತಾರೆ! ಮೊಬೈಲಿನವರು ಹೇಳಿದ ದಿನ ತಂದು ಕೊಡುತ್ತಾರೆ. ಹುಡುಗರು ಆ ಕಡೆ ಹೋದದ್ದು ಬರೀ ಷೋಕಿಗಲ್ಲ.

ರೆಡಿಮೇಡಿನಲ್ಲಿ ಸೈಜೇ ಸಿಗದವರ ಕಷ್ಟ ಬೇರೆ. ಆರಡಿ ದಾಟಿದವರು, ಎದೆ 50 ಇದ್ದವರು. ವಿದ್ಯಾನಗರದ ನಿವೃತ್ತ ಮೇಷ್ಟರೊಬ್ಬರಿಗೆ ಚಿಕ್ಕಂದಿನ ಪೋಲಿಯೊದಿಂದ ಎಡಗೈ ಎರಡು ಇಂಚು ಗಿಡ್ಡ. ಅವರು ಜೀವಮಾನವಿಡೀ ಹೊಲಿಸಿಯೇ ತೊಟ್ಟವರು. ಹೊಲಿಯುತ್ತಿದ್ದ ಟೈಲರ್ ತೀರಿಕೊಂಡ ಮೇಲೆ ಮಗಳು ಮೊಬೈಲಿನಲ್ಲಿ ಪ್ರಯತ್ನಿಸಿದಳು. ಫಾರಂನಲ್ಲಿ ತೋಳಿಗೆ ಇದ್ದದ್ದು ಒಂದೇ ಖಾನೆ. ಎರಡು ಕೈಗೆ ಎರಡು ಅಂಕಿ ಹಾಕಲು ಜಾಗವೇ ಇಲ್ಲ. ಕೊನೆಗೆ ಬಲಗೈ ಅಳತೆಗೆ ತರಿಸಿ ಎಡ ತೋಳನ್ನು ಇಲ್ಲೇ ಗಿಡ್ಡ ಮಾಡಿಸಿದರು. ಮಾಡಿಕೊಟ್ಟವನು ಚೌಕಿಪೇಟೆಯ ಅದೇ ಟೈಲರ್.

ಆತನಿಗೆ ಮೊದಮೊದಲು ಮೊಬೈಲ್ ಅಂಗಿ ಕಂಡರೆ ಕೋಪವಿತ್ತು. ‘ಅಲ್ ತಗೊಂಡೋರು ಅಲ್ಲೇ ಸರಿಮಾಡಿಸ್ಕೊಳ್ಳಿ’ ಎಂದು ಕಳಿಸಿಬಿಡುತ್ತಿದ್ದ. ಈಗ ಹಾಗಿಲ್ಲ. ಹೊಲಿಗೆ ಕೂಲಿ 400 ರೂಪಾಯಿ ಕೊಟ್ಟು ಅಂಗಿ ಹೊಲಿಸುವವರು ವಾರಕ್ಕೆ ನಾಲ್ಕು ಮಂದಿ ಬಂದರೆ ಹೆಚ್ಚು. ತೋಳು ಗಿಡ್ಡ ಮಾಡುವುದು, ಪಕ್ಕ ಹಿಡಿಯುವುದು, ಇದೇ ಅಂಗಡಿಯ ಬಾಡಿಗೆ ಕಟ್ಟುತ್ತಿದೆ. ‘ಮೊದ್ಲು ಹೊಲಿಯೋನಾಗಿದ್ದೆ. ಈಗ ಇನ್ನೊಬ್ರು ಹೊಲಿದದ್ದು ಬಿಚ್ಚೋನಾಗೀನಿ’ ಎನ್ನುತ್ತಾನೆ. ನಗುತ್ತಲೇ ಹೇಳಿದರೂ ಆ ನಗು ಅಷ್ಟು ಗಟ್ಟಿಯಲ್ಲ.

ನಿಟುವಳ್ಳಿಯ ಹುಡುಗನಿಗೆ ಧಾರೆಯ ದಿನದ ಅಂಗಿಯನ್ನು ನಾಲ್ಕು ದಿನದಲ್ಲಿ ಹೊಲಿದುಕೊಟ್ಟವನೂ ಆತನೇ. ಈ ಸಲ ‘ನಾಳೆ’ ಎನ್ನಲಿಲ್ಲ. ಉಳಿದ ಮೂರು ಕಾರ್ಯಕ್ಕೆ ಹುಡುಗ ಹಳೇ ಅಂಗಿಗೇ ಇಸ್ತ್ರಿ ಹಾಕಿಸಿಕೊಂಡ.

ಮದುವೆ ಮುಗಿದ ಮೇಲೆ ಹುಡುಗ ಮತ್ತೆ ಸಂದಿಗೆ ಬಂದ. ಹೊಲಿಸುವುದಕ್ಕಲ್ಲ. ‘ಅಣ್ಣಾರೆ, ಬೈಬ್ಯಾಡ್ರಿ. ಅಲ್ಲಿ ಇನ್ನೊಂದು ತರಿಸ್ಬೇಕು ಅಂತೀನಿ. ಅಳತೆ ನೀವೇ ಬರೆದುಕೊಡ್ರಿ, ದುಡ್ ಕೊಡ್ತೀನಿ.’ ಟೈಲರ್ ಒಂದು ಗಳಿಗೆ ಸುಮ್ಮನಿದ್ದು ಟೇಪ್ ತೆಗೆದ. ಧಾರೆಗೆ ತಾನೇ ಹೊಲಿದ ಅಂಗಿಯನ್ನೂ ಹಾಸಿ ಅಳೆದ. ಎಡ ಭುಜ ಕಾಲಿಂಚು ಇಳಿದಿದೆ ಎಂದು ಬರೆಸಿದ. ಎದೆ 42, ಕಾಲರ್ 15¾, ತೋಳು 24¾. ಚೀಟಿಗೆ ನೂರು ರೂಪಾಯಿ ಇಸ್ಕೊಂಡ. ‘ನಾಲ್ಕು ತರಿಸ್ಬ್ಯಾಡ, ಒಂದ್ ತರಿಸು’ ಎಂದ.

ಒಂದೇ ಬಂತು. ಹುಡುಗ ತೊಡದೆ ಮೊದಲು ಟೇಪ್ ಇಟ್ಟು ನೋಡಿ, ತೋಳು ಕಾಲು ಇಂಚು ಉದ್ದ ಅನ್ನಿಸುತ್ತದೆಂದು ಅಂಗಡಿಗೆ ಓಡಿ ಬಂದ.

‘ಬರೆದಷ್ಟೇ ಬಂದೈತೆ. ನೀರು ಕಂಡಿಲ್ಲ ಇನ್ನೂ. ಒಗೆದು ಒಣಗಿಸು, ಆಮೇಲೂ ಉದ್ದ ಇದ್ರೆ ತಗೊಂಡ್ ಬಾ’ ಎಂದು ಟೈಲರ್ ಹಾಗೇ ಹಿಂದಕ್ಕೆ ಕಳಿಸಿದ. ಒಗೆದ ಮೇಲೆ ಹುಡುಗ ಮತ್ತೆ ಬರಲಿಲ್ಲ.

ಹಳೆಯ ನಾಲ್ಕು ಅಂಗಿ ಪಿಯುಸಿ ಓದುವ ತಮ್ಮನ ಪಾಲಾಗಿವೆ. ಎದೆ ಅವನಿಗೆ ಸರಿಹೋಗಿದೆ. ಕಾಲರ್ ಮಾತ್ರ ಅವನಿಗೂ ಬಿಗಿ. ಮೇಲಿನ ಗುಂಡಿ ಬಿಚ್ಚಿಕೊಂಡೇ ಕಾಲೇಜಿಗೆ ಹೋಗುತ್ತಾನೆ, ಲೆಕ್ಚರರ ಹತ್ತಿರ ದಿನಾ ಬೈಸಿಕೊಳ್ಳುತ್ತಾನೆ.